ಗೋಡೆ ಮೇಷ್ಟ್ರ ಹಲಗೆ

ನನ್ನ ಮಾವನನ್ನು ಕಾರ್ಖಾನೆಯಲ್ಲಿ ಎಲ್ಲರೂ ಗೋಡೆ ಮೇಷ್ಟ್ರು ಎನ್ನುತ್ತಾರೆ. ಅವರು ಪಾಠ ಹೇಳುವ ಮೇಷ್ಟ್ರೂ ಅಲ್ಲ, ಗೋಡೆ ಕಟ್ಟುವ ಗಾರೆಯವರೂ ಅಲ್ಲ. ಪಂಪು ತಯಾರಿಸುವ ಕಾರ್ಖಾನೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ಉಕ್ಕಿನ ಪಟ್ಟಿ ಬಿಗಿಯುವವರು. ಮರದ ಚೌಕಟ್ಟಿನ ಮೇಲೆ ಕೂರಿಸಿದ ಪಂಪುಗಳು ಲಾರಿಯಲ್ಲಿ ಕುಲುಕಿ ಉರುಳದಂತೆ ಹಿಡಿದಿಡುವ, ಎರಡು ಬೆರಳಗಲದ ಆ ಕಪ್ಪು ಪಟ್ಟಿ ನೋಡುವುದಕ್ಕೆ ಏನೂ ಅಲ್ಲ. ಬಿಗಿದ ಮೇಲೆ ಅದರಷ್ಟು ಕೆಟ್ಟ ಸಿಟ್ಟಿನದು ಇನ್ನೊಂದಿಲ್ಲ. ಇದನ್ನು ನಾನು ಹೇಳುತ್ತಿರುವುದು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳಾಗಿ. ಸಿಟ್ಟಿನ ವಿಷಯ ನನಗೆ ಗೊತ್ತು.

ಶೆಡ್ಡಿನ ಒಂದು ಬದಿಯ ಗೋಡೆಗೆ ಹಳದಿ ಬಣ್ಣ ಬಳಿದಿದೆ. ಬಿಗಿದ ಪಟ್ಟಿಯನ್ನು ಕತ್ತರಿಸಬೇಕಾದಾಗ, ಹೊಸ ಸುರುಳಿಯ ಕಟ್ಟು ಬಿಚ್ಚಬೇಕಾದಾಗ ಮಾವ ಒಂದೇ ಮಾತು ಹೇಳುತ್ತಾರೆ: "ಗೋಡೆ." ಕೂಗುವುದಿಲ್ಲ, ಸುಮ್ಮನೆ ಹೇಳುತ್ತಾರೆ. ಒಳಗಿದ್ದವರೆಲ್ಲ ಕೈಲಿದ್ದ ಕೆಲಸ ಬಿಟ್ಟು ಹೋಗಿ ಗೋಡೆಗೆ ಅಂಗೈ ಒತ್ತಿ ನಿಲ್ಲಬೇಕು. ಲಾರಿಯ ಡ್ರೈವರಾದರೂ ಅಷ್ಟೇ, ಮಾಲೀಕರಾದರೂ ಅಷ್ಟೇ. ಅಂಗೈಗಳ ಲೆಕ್ಕ ಸರಿಹೋದ ಮೇಲೆ ಮಾವ ಪಟ್ಟಿಯ ಸಾಲಿನಿಂದ ಪಕ್ಕಕ್ಕೆ ಸರಿದು, ಕೈಗವಸಿನ ಕೈಯಿಂದ ಪಟ್ಟಿಯನ್ನು ಒತ್ತಿ ಹಿಡಿದು, ಕತ್ತರಿ ಆಡಿಸುತ್ತಾರೆ. "ಟಣ್" ಎಂಬ ಸದ್ದಾಗುತ್ತದೆ. ಕತ್ತರಿಸಿದ ತುದಿಯನ್ನು ಒಳಕ್ಕೆ ಮಡಚಿ ಬುಟ್ಟಿಗೆ ಹಾಕಿದ ಮೇಲೆ ತಲೆಯಾಡಿಸುತ್ತಾರೆ. ಆಗ ಗೋಡೆ ಬಿಡಬಹುದು. ದಿನಕ್ಕೆ ಹತ್ತು ಹದಿನೈದು ಸಲ ಇದು ನಡೆಯುತ್ತದೆ. ಅಂಗೈ ತಾಗಿ ತಾಗಿ ಹಳದಿ ಬಣ್ಣದ ಮೇಲೆ ಎದೆಯೆತ್ತರಕ್ಕೆ ಉದ್ದಕ್ಕೂ ಒಂದು ಕಂದು ಗೆರೆ ಮೂಡಿದೆ.

ಗೋಡೆಯ ಮೇಲೆ ಒಂದು ಕಪ್ಪು ಹಲಗೆ. ಅದರಲ್ಲಿ ಸೀಮೆಸುಣ್ಣದಲ್ಲಿ ಬರೆದ ಒಂದು ಸಂಖ್ಯೆ: ಶೆಡ್ಡಿನಲ್ಲಿ ಯಾರಿಗೂ ಒಂದು ಹನಿ ರಕ್ತ ಬಾರದೆ ಮುಗಿದ ಕೆಲಸದ ದಿನಗಳು. ಚರ್ಮ ಕಿತ್ತು ರಕ್ತ ಬಂದರೆ ಸೊನ್ನೆ. ಅದನ್ನು ಗಾಯವಾದವರೇ ಒರೆಸಬೇಕು. ಹತ್ತು ವರ್ಷದ ಹಿಂದೆ ಮಾವನ ಜೊತೆಗಾರ ಬಿಗಿದ ಪಟ್ಟಿಯನ್ನು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಒಂದು ಕಣ್ಣು ಕಳೆದುಕೊಂಡ. ಈಗ ಅವನು ಗೇಟಿನಲ್ಲಿ ಕಾವಲು ಕೂರುತ್ತಾನೆ. ಆ ವಾರವೇ ಮಾವ ಗೋಡೆಗೆ ಬಣ್ಣ ಬಳಿದದ್ದು, ಹಲಗೆ ತೂಗುಹಾಕಿದ್ದು.

ನಾನು ಹೇಳುವ ಸೋಮವಾರ ಹಲಗೆಯ ಮೇಲೆ 2,996 ಇತ್ತು. ಶುಕ್ರವಾರ ಬೆಳಗ್ಗೆ ಮೂರು ಸಾವಿರ. ಮಾಲೀಕರು ಅಂದು ಶೆಡ್ಡಿಗೆ ಬಂದು ಮಾವನಿಗೆ ಕೈಗಡಿಯಾರ ಕೊಡುವವರಿದ್ದರು. ಈ ಸುದ್ದಿಯನ್ನು ನಮ್ಮತ್ತೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮುಟ್ಟಿಸಿಯಾಗಿತ್ತು. ಶೆಡ್ಡಿನ ಬಾಗಿಲಲ್ಲಿ ಒಂದು ತಗಡಿನ ಡಬ್ಬಿಯಿದೆ. ಗಡಿಯಾರ, ಉಂಗುರ, ಬಳೆ ಎಲ್ಲ ಅದರಲ್ಲಿ ಕಳಚಿಡದೆ ಮಾವ ಯಾರನ್ನೂ ಪಟ್ಟಿಯ ಹತ್ತಿರ ಬಿಡುವುದಿಲ್ಲ, ಅದಕ್ಕೆ ಸಿಕ್ಕರೆ ಬೆರಳೂ ಜೊತೆಗೆ ಹೋಗುತ್ತದೆಂದು. ಅಂಥವರಿಗೆ ಕೈಗಡಿಯಾರ ಕೊಡುವ ಬುದ್ಧಿ ಯಾರಿಗೆ ಹೊಳೆಯಿತೋ ಕಾಣೆ. ಮಾವ ಮಾತ್ರ ಗಡಿಯಾರದ ಮಾತು ಬಂದರೆ ಒಂದು ಸಣ್ಣ ನಗೆ ನಗುತ್ತಿದ್ದರು. ಅವರಿಗೆ ಬೇಕಿದ್ದದ್ದು ಆ ಸಂಖ್ಯೆ. ರಜಾದಿನದಲ್ಲೂ ಊಟಕ್ಕೆ ಕೂತು, ಬೆರಳಲ್ಲಿ ತಟ್ಟೆಯ ಅಂಚಿನ ಮೇಲೆ ಮೂರು ಸೊನ್ನೆ ಬರೆಯುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಮನೆಯಲ್ಲಿ ಮಾವ ಹಸುವಿನಂಥವರು. ಅತ್ತೆ ಹತ್ತು ಮಾತಾಡಿದರೆ ಒಂದಕ್ಕೆ ಹೂಂ ಎನ್ನುತ್ತಾರೆ. ನಾನು ಪಾತ್ರೆ ತೊಳೆದರೆ ಪಕ್ಕದಲ್ಲಿ ನಿಂತು ಬಟ್ಟೆಯಲ್ಲಿ ಒರೆಸಿಡುತ್ತಾರೆ. ನಾನು ಅದೇ ಕಾರ್ಖಾನೆಯ ಉಗ್ರಾಣಕ್ಕೆ ಸಾಮಾನು ಕೊಳ್ಳುವ ಕೆಲಸಕ್ಕೆ ಸೇರಿದ ಮೊದಲ ದಿನ, ಮನೆಯಿಂದ "ಮಗಳೇ, ಬಸ್ಸಿಗೆ ಹೊತ್ತಾಯ್ತು" ಎಂದು ಕರೆತಂದವರು, ಗೇಟು ದಾಟಿದ್ದೇ "ಮೇಡಂ, ನಿಮ್ಮ ಆಫೀಸು ಆ ಕಡೆ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಗೇಟಿನ ಒಳಗೆ ನಾನು ಮೇಡಂ, ಹೊರಗೆ ಮಗಳು, ಇದರಲ್ಲಿ ಅವರು ಒಂದು ದಿನವೂ ತಪ್ಪಿಲ್ಲ.

ನಾನು ಸ್ವಂತವಾಗಿ ಆರಿಸಿ ತರಿಸಿದ ಮೊದಲ ಸರಕೇ ಪಟ್ಟಿ, ಹನ್ನೆರಡು ಸುರುಳಿ. ಮಾವನ ಶೆಡ್ಡಿಗೆ ಹೋಗುವ ಸರಕೆಂದು ನಾನು ಮೂರು ವಾರ ತಲೆ ಕೆಡಿಸಿಕೊಂಡಿದ್ದೆ. ಅಗಲ, ದಪ್ಪ ಒಂದೇ ಇದ್ದರೂ ಸಾದಾ ಉಕ್ಕು ಬೇರೆ, ಕಾಯಿಸಿ ಹದ ಮಾಡಿದ ಗಟ್ಟಿ ಉಕ್ಕು ಬೇರೆ ಎಂದು ತಿಳಿದುಕೊಂಡೆ. ಎಷ್ಟು ಭಾರಕ್ಕೆ ತುಂಡಾಗುತ್ತದೆ ಎಂಬ ಪರೀಕ್ಷೆಯ ಕಾಗದವನ್ನು ಕೇಳಿ ತರಿಸಿದೆ. ಅಂಚು ಉಜ್ಜಿ ನಯ ಮಾಡಿದ್ದು, ತುಕ್ಕು ಹಿಡಿಯದ ಹಾಗೆ ಮೇಣ ಸವರಿದ್ದು, ಎಲ್ಲ ನೋಡಿ ಆರಿಸಿದೆ.

ಸೋಮವಾರ ಬೆಳಗ್ಗೆ ಸುರುಳಿಗಳು ಬಂದವು. ಮಾವ ಪರೀಕ್ಷೆ ಮಾಡುವುದನ್ನು ನಾನು ಕೈಕಟ್ಟಿ ನಿಂತು ನೋಡಿದೆ. ಎಷ್ಟು ಚೆಂದದ ಕೆಲಸ ಅದು. ಕಾಗದವನ್ನು ಎರಡು ಸಲ ಓದಿದರು. ಸರಕಿನ ಜೊತೆ ಬಂದಿದ್ದ ಹತ್ತಡಿಯ ಮಾದರಿ ಪಟ್ಟಿಯನ್ನು ನೆಲದ ಮೇಲಿನ ನೇರ ಗೆರೆಗೆ ಹಾಸಿ, ಒಂದು ಕಣ್ಣು ಮುಚ್ಚಿ, ಸೊಟ್ಟ ಇದೆಯೇ ಎಂದು ನೋಡಿದರು. ಅಂಚಿಗೆ ಬೆರಳು ತಾಗಿಸಲೇ ಇಲ್ಲ. ಜೇಬಿನಿಂದ ಒಂದು ಉಂಡೆ ಹತ್ತಿ ತೆಗೆದು ಉದ್ದಕ್ಕೂ ಎಳೆದರು. ಎಳೆ ಸಿಕ್ಕಿಕೊಂಡರೆ ಅಂಚಿನಲ್ಲಿ ಮುಳ್ಳಿದೆ ಎಂದರ್ಥ. ಒಂದು ಎಳೆಯೂ ಸಿಕ್ಕಲಿಲ್ಲ. ಆಮೇಲೆ ಒಂದು ಗೇಣು ತುಂಡನ್ನು ಇಕ್ಕಳದಲ್ಲಿ ಹಿಡಿದು ಅತ್ತ ಇತ್ತ ಬಾಗಿಸಿದರು.

"ಉಕ್ಕು ಒಳ್ಳೇದು ಮೇಡಂ," ಎಂದರು. "ಅಂಚೂ ಒಳ್ಳೇದು. ಇಷ್ಟು ವರ್ಷದಲ್ಲಿ ಇಷ್ಟು ನೋಡಿ ಆರಿಸಿದವರನ್ನ ನಾನು ಕಂಡಿಲ್ಲ."

ಹಿಗ್ಗಿಗೆ ನನಗೆ ನೆಲ ಕಾಣಲಿಲ್ಲ. ಅಷ್ಟರಲ್ಲಿ ಅವರು ಜೇಬಿನಿಂದ ಸೀಮೆಸುಣ್ಣ ತೆಗೆದು ಹನ್ನೆರಡು ಸುರುಳಿಗಳ ಮೇಲೂ ಅಡ್ಡಗೆರೆ ಎಳೆದರು.

"ಆದ್ರೆ ಸುತ್ತು ಬೇರೆ. ಇದನ್ನ ಬಳಸೋ ಹಾಗಿಲ್ಲ."

ಪಟ್ಟಿಯನ್ನು ಸುತ್ತುವುದರಲ್ಲಿ ಎರಡು ಬಗೆ. ರಿಬ್ಬನ್ನಿನ ಹಾಗೆ ಒಂದರ ಮೇಲೊಂದು ಒಂದೇ ಸಾಲಿನಲ್ಲಿ ಸುತ್ತುವುದು ಒಂದು. ನೂಲಿನ ಉಂಡೆಯ ಹಾಗೆ ಅತ್ತಿಂದಿತ್ತ ಅಕ್ಕಪಕ್ಕ ಸಾಲು ಸಾಲಾಗಿ ಅಗಲಕ್ಕೆ ಸುತ್ತುವುದು ಇನ್ನೊಂದು. ಎರಡನೆಯದರಲ್ಲಿ ಪಟ್ಟಿ ಹೆಚ್ಚು ಹಿಡಿಯುತ್ತದೆ, ಮತ್ತೆ ಮತ್ತೆ ಸುರುಳಿ ಬದಲಿಸುವುದು ತಪ್ಪುತ್ತದೆ ಎಂದು ನಾನು ಅದನ್ನೇ ತರಿಸಿದ್ದೆ. ಶೆಡ್ಡಿನಲ್ಲಿ ಸುರುಳಿಯನ್ನು ಹಿಡಿದು ಬೇಕಾದಷ್ಟೇ ಪಟ್ಟಿ ಬಿಡುವ, ಬ್ರೇಕು ಇರುವ ಒಂದು ಗಾಡಿಯಿದೆ. ಅದರ ಬಾಯಿ ಒಂದೇ ಸಾಲಿನ ಸುರುಳಿಗೆ ಸಾಕಾಗುವಷ್ಟು. ಉಕ್ಕಿನ ವಿಷಯ ಊರೆಲ್ಲ ಕೇಳಿದ ನಾನು ಮೂವತ್ತು ಹೆಜ್ಜೆ ನಡೆದು ಆ ಗಾಡಿಯ ಬಾಯಿ ಅಳೆದಿರಲಿಲ್ಲ.

"ನೆಲದ ಮೇಲೆ ಮಲಗಿಸಿ ಬಿಚ್ಚಿಕೊಂಡ್ರೆ ಆಗಲ್ವಾ?" ಎಂದೆ.

"ಆಗಲ್ಲ."

"ಯಾಕೆ ಆಗಲ್ಲ?"

"ಗಾಡಿ ಇಲ್ದೆ ಸುರುಳಿ ಬಿಚ್ಚಲ್ಲ ಮೇಡಂ. ಅಷ್ಟೇ."

ಉದ್ದಣ್ಣ ಎಂದು ಎಲ್ಲರೂ ಕರೆಯುವ ಪ್ಯಾಕಿಂಗಿನವನು ಮುಖ ಆ ಕಡೆ ತಿರುಗಿಸಿ ನಕ್ಕ. ಅಷ್ಟು ಸಾಕಾಯಿತು. ಎಲ್ಲರ ಎದುರು ನನ್ನ ಮೊದಲ ಸರಕಿನ ಮೇಲೆ ಅಡ್ಡಗೆರೆ ಎಳೆದರಲ್ಲ ಎಂದು ಮೈಯೆಲ್ಲ ಉರಿಯಿತು. ಹೊಗಳಿದ್ದನ್ನು ನಾನು ಆ ಕ್ಷಣಕ್ಕೇ ಮರೆತೆ. ಕೋಪ ಬಂದಾಗ ನನ್ನ ತಲೆ ಹಾಗೆಯೇ, ಬೇಡದ್ದನ್ನೇ ಹಿಡಿದಿಟ್ಟುಕೊಳ್ಳುತ್ತದೆ.

ಮಧ್ಯಾಹ್ನ ಎಲ್ಲರೂ ಊಟದ ಕೋಣೆಗೆ ಹೋದಾಗ ನಾನು ಶೆಡ್ಡಿಗೆ ಹೋದೆ. ಒಂದು ಸುರುಳಿ ಆಗಲೇ ನೆಲದ ಮೇಲೆ ಮಲಗಿತ್ತು. ಅದನ್ನು ಬಿಚ್ಚಿ, ಒಂದು ಉದ್ದ ಪಟ್ಟಿ ಎಳೆದು ಇಟ್ಟು, ಇವರೆಲ್ಲ ಬಂದಾಗ "ನೋಡಿ" ಎನ್ನಬೇಕು ಎಂದುಕೊಂಡೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೆ. ಎಡಗೈಗೆ ಗವಸು ಹಾಕಿದೆ. ಸುರುಳಿಗೆ ನಾಲ್ಕು ಕಡೆ ಕಟ್ಟುಗಳಿದ್ದವು. ಒಂದನ್ನು ಕತ್ತರಿಸಿದೆ. ಏನೂ ಆಗಲಿಲ್ಲ. ಎರಡನೆಯದು. ಏನೂ ಆಗಲಿಲ್ಲ. ಮೂರನೆಯದಕ್ಕೆ ಸುರುಳಿಯೊಳಗಿಂದ ಕಿರ್ ಎಂಬ ಸದ್ದು ಬಂತು. ಬುದ್ಧಿ ಇದ್ದವರು ಅಲ್ಲಿಗೆ ಬಿಡುತ್ತಿದ್ದರು. ನಾನು ನಾಲ್ಕನೆಯದನ್ನೂ ಕತ್ತರಿಸಿದೆ.

ಸುರುಳಿ ಎದ್ದಿತು. ಬೇರೆ ಮಾತು ನನಗೆ ಹೊಳೆಯುವುದಿಲ್ಲ. ಒಳಗಿನ ಸಾಲುಗಳು ಜಾರಿ ಮೇಲೆ ಚಿಮ್ಮಿದವು, ಹೊರಗಿನವು ಅಗಲವಾದವು, ನೋಡನೋಡುತ್ತ ಉಕ್ಕಿನ ಬಳೆಗಳು ನನ್ನ ಮೊಣಕಾಲಿನವರೆಗೆ ಸುತ್ತ ನಿಂತಿದ್ದವು. ಒಂದು ತುದಿ ಗಾಳಿಯಲ್ಲಿ ಸುಯ್ಯೆಂದು ತಿರುಗಿ ಎಡತೋಳಿಗೆ ತಾಗಿ ಹೋಯಿತು. ಕಾಲಿನ ಹತ್ತಿರ ಇನ್ನೊಂದು ಸಾಲು ಮಿಸುಕುತ್ತಿತ್ತು. ನಾನು ಒಂದು ಕಾಲು ಎತ್ತಲು ಹೋದೆ.

"ಕಾಲು ಎತ್ತಬೇಡ. ಹಾಗೇ ನಿಂತಿರು. ಉಸಿರಾಡು."

ಮಾವ ಬಾಗಿಲಲ್ಲಿದ್ದರು. ಊಟದ ಕೋಣೆಯ ಗದ್ದಲದಲ್ಲಿ ಕೂತಿದ್ದರೂ ಅವರಿಗೆ ಆ ಕಿರ್ ಸದ್ದು ಕೇಳಿಸಿತ್ತು. ಉಳಿದ ಯಾರಿಗೂ ಕೇಳಿಸಿರಲಿಲ್ಲ. ಗೇಟಿನ ಒಳಗೆ ಮೊದಲ ಬಾರಿಗೆ ಅವರು ನನ್ನನ್ನು ಮೇಡಂ ಎನ್ನಲಿಲ್ಲ, ಅದನ್ನು ನಾನು ಆಮೇಲೆ ಗಮನಿಸಿದೆ. ಹಿಂದೆಯೇ ಓಡಿಬಂದ ಉದ್ದಣ್ಣ ಮತ್ತು ಇನ್ನಿಬ್ಬರಿಗೆ ತಿರುಗಿ ನೋಡದೆ "ಗೋಡೆ" ಎಂದರು. ಮೂವರೂ ಹೋಗಿ ಅಂಗೈ ಒತ್ತಿ ನಿಂತರು.

ಅವರು ಓಡಲಿಲ್ಲ. ಮುಖಕ್ಕೆ ಗಾಜಿನ ಕವಚ, ಎರಡೂ ಕೈಗೆ ಉದ್ದ ಗವಸು ಹಾಕಿಕೊಂಡರು, ಗುಂಡಿ ಕೂಡ ಹಾಕಿಕೊಂಡರು. ಒಂದು ದಪ್ಪ ಮರದ ಹಲಗೆ ತಂದು ಸುರುಳಿಯ ಮೇಲಿಟ್ಟು ಮೊಣಕಾಲೂರಿದರು. ಮಿಸುಕುವುದು ನಿಂತಿತು. ನಂತರ ಎರಡು ಕಡೆ ಕ್ಲಾಂಪು ಹಾಕಿ ತಿರುಪಿದರು. ಒಂದೊಂದೇ ಬಳೆಯನ್ನು ಹಿಡಿದು, ಅದರ ಬಿಗಿ ಯಾವ ಕಡೆಗಿದೆ ಎಂದು ನೋಡಿ, ನನ್ನ ಕಡೆಯಿಂದ ಆಚೆಗೆ ಒತ್ತಿ ಹಿಡಿದು ಕತ್ತರಿಸಿದರು, ತುದಿ ಮಡಚಿದರು, ಇನ್ನೊಂದಕ್ಕೆ ಹೋದರು. ಮಧ್ಯೆ ಮಧ್ಯೆ "ಇನ್ನು ಆರು", "ಇನ್ನು ಐದು" ಎಂದು ಹೇಳುತ್ತಿದ್ದರು, ನನಗೆ ಧೈರ್ಯ ಬರಲೆಂದು. ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆ ಎರಡು ಕೈಗಳನ್ನು ನೋಡುತ್ತ ನಿಂತಿದ್ದೆ. ಅವಸರವೂ ಇರಲಿಲ್ಲ, ನಿಧಾನವೂ ಇರಲಿಲ್ಲ. ಇಂಥವರ ಮೇಲೆ ಬೆಳಗ್ಗೆ ಕೋಪ ಮಾಡಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ಇವರು ನನ್ನ ಮಾವ ಎಂದು ಹೆಮ್ಮೆಯೂ ಆಯಿತು, ಅಂಥ ಹೊತ್ತಿನಲ್ಲಿ.

ಆ ಬಳೆಗಳಿಂದ ನಾನು ಹೊರಗೆ ಬಂದ ಮೇಲೆ ಅವರು ಕವಚ ತೆಗೆದು ಮುಖ ಒರೆಸಿಕೊಂಡರು. ತಲೆ ಎತ್ತಿ ಗೋಡೆಯ ಮೇಲಿನ ಹಲಗೆಯನ್ನು ಒಮ್ಮೆ ನೋಡಿದರು. ಆಮೇಲೆ ನನ್ನನ್ನು ಕೇಳಿದರು.

"ಎಲ್ಲಾದ್ರೂ ತಾಗ್ತಾ?"

ತೋಳಿನ ಒಳಗೆ ಬೆಚ್ಚಗೆ ಹರಿಯುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಕಾರ್ಖಾನೆಯ ಕೋಟು ದಪ್ಪ, ನೀಲಿ, ಉದ್ದ ತೋಳಿನದು, ಅದರ ಸೀಳು ಮಡಿಕೆಯಲ್ಲಿ ಮುಚ್ಚಿಹೋಗಿತ್ತು.

"ಇಲ್ಲ," ಎಂದೆ.

ಹೀಗೆ ಹೇಳಿ ನಾನು ಅವರಿಗೆ ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ. ಬಚ್ಚಲಿಗೆ ಹೋಗಿ ನೋಡಿದರೆ ಬೆರಳುದ್ದದ ಗೀರು, ಆಳವಿರಲಿಲ್ಲ. ಕರವಸ್ತ್ರ ಕಟ್ಟಿದೆ. ನಾಲ್ಕು ದಿನ ಬಾಯಿಗೆ ಬೀಗ ಹಾಕಿದರೆ ಸಾಕು, ಮೂರು ಸಾವಿರ ಆಗುತ್ತದೆ. ನನ್ನ ಹುಚ್ಚಾಟಕ್ಕೆ ಅವರ ಹತ್ತು ವರ್ಷ ಹೋಗಬಾರದು.

ಮಂಗಳವಾರ 2,997. ಬುಧವಾರ 2,998. ಅಂದು ಗೀರಿನ ಸುತ್ತ ಕೆಂಪಗಾಗಿ ಊದಿತು. ಗಂಡನಿಗೂ ಹೇಳಲಿಲ್ಲ, ಅವನಿಗೆ ಹೇಳಿದರೆ ಅವನಮ್ಮನಿಗೆ ಹೇಳಿದ ಹಾಗೆ, ಅವನಮ್ಮನಿಗೆ ಹೇಳಿದರೆ ಬೀದಿಗೇ ಹೇಳಿದ ಹಾಗೆ. ಸೆಕೆಯಲ್ಲೂ ಮನೆಯಲ್ಲಿ ಉದ್ದ ತೋಳಿನದೇ ಹಾಕಿಕೊಂಡೆ. ಗುರುವಾರ 2,999. ಅಂದು ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮಾವ ಎಂದಿನಂತೆ ಪಕ್ಕದಲ್ಲಿ ಬಟ್ಟೆ ಹಿಡಿದು ನಿಂತಿದ್ದರು.

"ತೋಳು ಮಡಚ್ಕೋ ಮಗಳೇ, ಒದ್ದೆ ಆಗ್ತಿದೆ."

"ಇರ್ಲಿ ಮಾವ."

ಅವರು ಎರಡು ಲೋಟ ಒರೆಸಿಟ್ಟರು. ಮೂರನೆಯದನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಎಡಗೈನಾ?"

ನಾನು ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಅವರೇ ನಲ್ಲಿ ನಿಲ್ಲಿಸಿ, ನನ್ನ ತೋಳನ್ನು ನಿಧಾನಕ್ಕೆ ಮಡಚಿದರು. ಪಟ್ಟಿಯ ತುದಿಯನ್ನು ಮಡಚುವಷ್ಟೇ ಜೋಪಾನ. ಗೀರನ್ನು ಬೆಳಕಿಗೆ ಹಿಡಿದು ನೋಡಿದರು.

"ಸೋಮವಾರದ್ದು," ಎಂದರು.

"ನಾಳೆ ಒಂದು ದಿನ ಮಾವ. ಯಾರಿಗೂ ಗೊತ್ತಿಲ್ಲ."

"ನಿನ್ನ ಕೈಗೆ ಗೊತ್ತಲ್ಲ."

"ನಂದೇ ತಪ್ಪು. ನನ್ನಿಂದ ನಿಮ್ಮ ಲೆಕ್ಕ ಹಾಳಾಗಬಾರ್ದು ಅಂತ..."

"ಕಟ್ಟು ಬಿಚ್ಚಿದ್ದು ನಿನ್ನ ತಪ್ಪು," ಎಂದರು. "ಗೆರೆ ಎಳೆದ ಸರಕನ್ನ ಹೊರಗೆ ಹಾಕಿಸದೆ ಅಲ್ಲೇ ಬಿಟ್ಟಿದ್ದು ನಂದು. ಯಾಕೆ ಆಗಲ್ಲ ಅಂತ ನೀನು ಕೇಳ್ದಾಗ ಹೇಳ್ದೆ ಇದ್ದಿದ್ದೂ ನಂದೇ. ಅವೆಲ್ಲ ಹೋಗ್ಲಿ. ತಾಗ್ತಾ ಅಂತ ನಿನ್ನ ಕೇಳೋ ಮುಂಚೆ ನಾನು ಹಲಗೆ ನೋಡ್ದೆ. ನಾನು ಹಾಗೆ ನೋಡಿದ್ದು ನಿನಗೆ ಕಾಣ್ತು ಅಲ್ವಾ?"

ನಾನು ಹೌದೆಂದು ತಲೆಯಾಡಿಸಿದೆ.

"ಅದಕ್ಕೇ ನೀನು ಇಲ್ಲ ಅಂದಿದ್ದು. ಹಲಗೆ ತೂಗುಹಾಕಿದ್ದು ಯಾರ ಮೈಯಲ್ಲೂ ರಕ್ತ ಬರಬಾರ್ದು ಅಂತ. ಬಂದ ರಕ್ತ ಮುಚ್ಚಿಡಕ್ಕಲ್ಲ."

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ತೋಳನ್ನು ನೋಡಿಬಿಟ್ಟರು. ಬೀದಿಗೆಲ್ಲ ಗಡಿಯಾರದ ಸುದ್ದಿ ಹಂಚಿದವರು, ಈಗ ಏನೆನ್ನುತ್ತಾರೋ ಎಂದುಕೊಂಡೆ. ಅವರು ಮೊದಲು ಮಾವನನ್ನು ಬೈದರು, ಆಮೇಲೆ ನನ್ನನ್ನು ಬೈದರು, ಬೈಯುತ್ತಲೇ ಚಪ್ಪಲಿ ಮೆಟ್ಟಿಕೊಂಡರು.

"ಗಡಿಯಾರ ಹೋದ್ರೆ ಹಾಳಾಗಿ ಹೋಗ್ಲಿ. ಗೋಡೆ ಮೇಲೆ ಒಂದಿದೆ, ಟೈಮು ಅದೇ ಹೇಳುತ್ತೆ. ಡಾಕ್ಟ್ರು ಬಾಗಿಲು ಹಾಕೋ ಮುಂಚೆ ನಡಿ ನೀನು."

ಡಾಕ್ಟರು ಚುಚ್ಚುಮದ್ದು ಕೊಟ್ಟು, ಇನ್ನೆರಡು ದಿನ ಬಿಟ್ಟಿದ್ದರೆ ಕೀವಾಗಿ ಕೊಯ್ಯಬೇಕಾಗುತ್ತಿತ್ತು ಎಂದು ಅತ್ತೆಗೆ ಕೇಳಿಸುವ ಹಾಗೆ ಹೇಳಿದರು. ಮನೆಯವರೆಗೂ ನನಗೆ ಮಂಗಳಾರತಿಯೇ.

ಶುಕ್ರವಾರ ನಾನೂ ಮಾವನೂ ಒಂದು ಬಸ್ಸು ಮುಂಚೆಯೇ ಹೋದೆವು. ಯಾರೂ ಬರುವ ಮೊದಲು ಒರೆಸಿಬಿಡೋಣ ಎಂದು ನಾನು ಅಂದುಕೊಂಡಿದ್ದೆ. ಆದರೆ ಉದ್ದಣ್ಣ ನಮಗಿಂತ ಮುಂಚೆ ಬಂದಿದ್ದ. ಏಣಿಯೇ ಬೇಡದ ಆಸಾಮಿ, ಹಲಗೆಯ ತುಂಬ ದೊಡ್ಡದಾಗಿ, ಬಣ್ಣದ ಸೀಮೆಸುಣ್ಣದಲ್ಲಿ 3000 ಎಂದು ಬರೆದಿದ್ದ. ಗೇಟಿನ ಕಾವಲಿನವನೂ ಬಂದು, ಉಳಿದ ಒಂದು ಕಣ್ಣಿನಿಂದ ಅದನ್ನು ನೋಡುತ್ತ ನಿಂತಿದ್ದ. ಇನ್ನು ಇವರೆಲ್ಲರ ಎದುರಿಗೇ ಒರೆಸಬೇಕಿತ್ತು. ಮಾವ ಒದ್ದೆ ಬಟ್ಟೆ ತಂದು ನನ್ನ ಕೈಗೆ ಕೊಟ್ಟರು. ಒಂದು ಮರದ ಪೆಟ್ಟಿಗೆ ಎಳೆದು ಗೋಡೆಯ ಕೆಳಗಿಟ್ಟರು.

"ಗಾಯ ಆದವರೇ ಒರೆಸ್ಬೇಕು ಮೇಡಂ," ಎಂದರು.

ಉದ್ದಣ್ಣನ ಮುಖ ಸಪ್ಪಗಾಯಿತು. ನಾನು ತೋಳು ಮಡಚಿ, ಗಾಯಕ್ಕೆ ಕಟ್ಟಿದ ಬಿಳಿ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಪೆಟ್ಟಿಗೆ ಹತ್ತಿದೆ. ಬಲಗಡೆಯಿಂದ ಒರೆಸಲು ಶುರುಮಾಡಿದೆ. ಒಂದು ಸೊನ್ನೆ ಹೋಯಿತು. ಇನ್ನೊಂದು. ಮತ್ತೊಂದು. ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ. ಮೂರರ ಮೇಲೆ ಬಟ್ಟೆ ಇಡಬೇಕು, ಅಷ್ಟರಲ್ಲಿ ಕೆಳಗಿನಿಂದ ಮಾವ ನನ್ನ ಮಣಿಕಟ್ಟು ಹಿಡಿದರು.

"ಅದನ್ನ ಬಿಡಿ."

"ಸೊನ್ನೆ ಬರೀಬೇಕಲ್ಲ?"

"ಸೊನ್ನೆ ಸೋಮವಾರದ್ದು. ಆಮೇಲೆ ಮಂಗಳವಾರ, ಬುಧವಾರ, ಗುರುವಾರ. ಮೂರು ದಿನ ಯಾರಿಗೂ ಏನೂ ಆಗಿಲ್ಲ. ಆಗಿರೋದನ್ನ ಯಾಕೆ ಅಳಿಸ್ತೀರಿ? ಮೂರು ಸರಿಯಾಗೇ ಇದೆ."

ಮೊದಲು ನಕ್ಕವನು ಕಾವಲಿನವನು. ಆಮೇಲೆ ಉದ್ದಣ್ಣ. ನಾನು ಪೆಟ್ಟಿಗೆಯ ಮೇಲೆ ನಿಂತು ಅಳುತ್ತ ನಗುತ್ತಿದ್ದೆ. ಇಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಬೇರೆ ಎಲ್ಲೂ ಕಂಡಿಲ್ಲ: ಲೆಕ್ಕಕ್ಕೆ ಬಾರದ ಒಂದು ದಿನವನ್ನೂ ಇಟ್ಟುಕೊಳ್ಳಲಿಲ್ಲ, ಬಂದ ಒಂದು ದಿನವನ್ನೂ ಬಿಡಲಿಲ್ಲ.

ಹತ್ತು ಗಂಟೆಗೆ ಮಾಲೀಕರು ಬಂದರು. ಕೈಯಲ್ಲಿ ಕೆಂಪು ಕಾಗದ ಸುತ್ತಿದ ಪೆಟ್ಟಿಗೆ, ಹಿಂದೆ ಕ್ಯಾಮೆರಾ ಹಿಡಿದ ಗುಮಾಸ್ತ. ಹಲಗೆ ನೋಡಿ ಹುಬ್ಬು ಗಂಟಿಕ್ಕಿದರು.

"ಏನ್ ಮೇಷ್ಟ್ರೇ ಇದು, ಮೂರು?"

ಮಾವ ನಡೆದದ್ದನ್ನು ಹೇಳಿದರು. ನನ್ನ ತಪ್ಪನ್ನು ಒಂದು ವಾಕ್ಯದಲ್ಲಿ, ತಮ್ಮ ತಪ್ಪನ್ನು ಮೂರು ವಾಕ್ಯದಲ್ಲಿ. ಆಮೇಲೆ ಸೇರಿಸಿದರು, "ಮೇಡಂ ತರಿಸಿರೋ ಉಕ್ಕು ಬಹಳ ಒಳ್ಳೇದು ಸಾರ್. ವಾಪಸ್ ಕಳಿಸ್ಬೇಡಿ. ಅಗಲ ಬಾಯಿದು ಒಂದು ಗಾಡಿ ತರಿಸಿಕೊಡಿ. ಅಲ್ಲೀವರೆಗೆ ಹಳೇ ಸುರುಳಿ ಇದೆ."

ಮಾಲೀಕರು ಕೈಲಿದ್ದ ಪೆಟ್ಟಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿದರು. "ಹಾಗಾದ್ರೆ ಇದನ್ನ..." ಎಂದರು.

"ಹತ್ತು ವರ್ಷ ಬಿಟ್ಟು ಕೊಡಿ ಸಾರ್," ಎಂದರು ಮಾವ. ಅಷ್ಟು ಹೇಳಿ ಕೈಗವಸು ಹಾಕಿಕೊಂಡರು. ಹೊರಗೆ ಲಾರಿ ಕಾಯುತ್ತಿತ್ತು, ಒಂದು ಪಂಪಿನ ಪಟ್ಟಿ ಓರೆಯಾಗಿ ಬಿದ್ದಿತ್ತು, ಅದನ್ನು ಕತ್ತರಿಸಿ ಮತ್ತೆ ಬಿಗಿಯಬೇಕಿತ್ತು. ಅವರು ಆ ಪಟ್ಟಿಯ ಬಳಿ ಹೋಗಿ ನಿಂತರು. ಈ ಸಲ ಹಲಗೆಯನ್ನು ನೋಡಲಿಲ್ಲ, ನಮ್ಮ ಮುಖಗಳನ್ನು ನೋಡಿದರು, ಒಂದೊಂದಾಗಿ.

"ಗೋಡೆ," ಎಂದರು.

ಉದ್ದಣ್ಣ ಹೋದ, ಕಾವಲಿನವನು ಹೋದ, ಗುಮಾಸ್ತ ಕ್ಯಾಮೆರಾ ಕುತ್ತಿಗೆಗೆ ತೂಗುಹಾಕಿಕೊಂಡು ಹೋದ. ಮಾಲೀಕರು ಒಂದು ಕ್ಷಣ ನಿಂತರು. ಬಾಗಿಲಿಗೆ ಹೋಗಿ, ತಮ್ಮ ಕೈಗಡಿಯಾರ ಬಿಚ್ಚಿ ಡಬ್ಬಿಗೆ ಹಾಕಿ, ಕೆಂಪು ಪೆಟ್ಟಿಗೆಯನ್ನೂ ಅದರ ಮೇಲಿಟ್ಟು ಬಂದು ನನ್ನ ಪಕ್ಕದಲ್ಲಿ ಅಂಗೈ ಒತ್ತಿದರು. ನಾನು ಎಡಗೈಯನ್ನೇ ಇಟ್ಟೆ. ಗೀರು ಚುರುಗುಟ್ಟಿತು. ಮಾವ ಅಂಗೈಗಳನ್ನು ಎಣಿಸಿದರು, ಮತ್ತೊಮ್ಮೆ ಎಣಿಸಿದರು, ಆಮೇಲೆ ಕತ್ತರಿ ಎತ್ತಿಕೊಂಡರು.